ಬಣ್ಣ ನೋಡಿ ಮದ್ದು: ಎಲೈಜಾ ಸಾಂಡರ್ಸ್ ವೃತ್ತಿಜೀವನ ಎತ್ತುವ ನ್ಯಾಯದ ಪ್ರಶ್ನೆ

ಎಲೈಜಾ ಸಾಂಡರ್ಸ್ (1934–2015) ಅಮೆರಿಕದ ಬಾಲ್ಟಿಮೋರ್ ನಗರದ ಹೃದ್ರೋಗ ತಜ್ಞರು. ಕಪ್ಪು ವರ್ಣೀಯರನ್ನು ಕಾಡುವ ಅಧಿಕ ರಕ್ತದೊತ್ತಡವೇ ಅವರ ಜೀವಮಾನದ ಕೆಲಸವಾಗಿತ್ತು. ಅಮೆರಿಕದ ಬಿಳಿಯರಿಗೆ ಹೋಲಿಸಿದರೆ ಅಲ್ಲಿನ ಕಪ್ಪು ವರ್ಣೀಯರಲ್ಲಿ ಈ ಕಾಯಿಲೆ ಹೆಚ್ಚು. ಚಿಕ್ಕ ವಯಸ್ಸಿಗೇ ಬರುತ್ತದೆ. ಪಾರ್ಶ್ವವಾಯುವಿಗೂ ಮೂತ್ರಪಿಂಡಗಳ ವೈಫಲ್ಯಕ್ಕೂ ಬೇಗ ದಾರಿ ಮಾಡುತ್ತದೆ. ಹಾಗಿರುವಾಗ ವೈದ್ಯನು ರೋಗಿಯ ಬಣ್ಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ, ಬೇಡವೇ? ಸಮಾನರನ್ನು ಸಮಾನವಾಗಿ, ಅಸಮಾನರನ್ನು ಅವರ ವ್ಯತ್ಯಾಸಕ್ಕೆ ತಕ್ಕಂತೆ ಕಾಣುವುದೇ ನ್ಯಾಯ ಎಂಬುದು ಅರಿಸ್ಟಾಟಲನ ವಿಚಾರ. ಯಾವ ವ್ಯತ್ಯಾಸ ಎಣಿಕೆಗೆ ಬರಬೇಕು, ಯಾವುದು ಬರಬಾರದು ಎನ್ನುವಲ್ಲಿ ಆ ಸೂತ್ರ ಸುಮ್ಮನಾಗುತ್ತದೆ. ಈ ವೃತ್ತಿಜೀವನದ ಕಷ್ಟವೆಲ್ಲ ಅಲ್ಲಿಂದಲೇ ಶುರು.

ಸಾಂಡರ್ಸ್ 1956ರಲ್ಲಿ ಮಾರ್ಗನ್ ಸ್ಟೇಟ್ ಕಾಲೇಜಿನಿಂದಲೂ 1960ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಿಂದಲೂ ಪದವಿ ಪಡೆದರು. ವರ್ಣಭೇದ ಇನ್ನೂ ಆಸ್ಪತ್ರೆಗಳನ್ನು ಬಿಟ್ಟುಹೋಗಿರದ ಕಾಲವದು. ಕಪ್ಪು ವರ್ಣೀಯರಿಗೆಂದೇ ಹುಟ್ಟಿದ್ದ ಪ್ರಾವಿಡೆಂಟ್ ಆಸ್ಪತ್ರೆಯಲ್ಲಿ ಹೃದ್ರೋಗ ವಿಭಾಗ ನಡೆಸಿ, ಮುಂದೆ ತಾವು ಓದಿದ ವಿಶ್ವವಿದ್ಯಾಲಯದಲ್ಲೇ ರಕ್ತದೊತ್ತಡ ವಿಭಾಗದ ಮುಖ್ಯಸ್ಥರಾದರು. 1974ರಲ್ಲಿ ರೂಪುಗೊಂಡ ಕಪ್ಪು ಹೃದ್ರೋಗ ತಜ್ಞರ ಸಂಘದ ಸ್ಥಾಪಕರಲ್ಲಿ ಅವರೂ ಒಬ್ಬರು. 1985ರಲ್ಲಿ ಡಲ್ಲಾಸ್ ಹಾಲ್ ಮತ್ತು ನೀಲ್ ಶುಲ್ಮನ್ ಜೊತೆ ಕಪ್ಪು ವರ್ಣೀಯರ ರಕ್ತದೊತ್ತಡದ ಬಗ್ಗೆ ಗ್ರಂಥವೊಂದನ್ನು ಸಂಪಾದಿಸಿದರು. ಮರುವರ್ಷ ಇದೇ ಮೂವರು ಇದಕ್ಕೆಂದೇ ಒಂದು ಅಂತರರಾಷ್ಟ್ರೀಯ ಸಂಸ್ಥೆ ಕಟ್ಟಿದರು.

ಅವರ ಕೆಲಸದಲ್ಲಿ ಹೆಚ್ಚು ನೆನಪಿನಲ್ಲಿ ಉಳಿದಿರುವುದು ಆಸ್ಪತ್ರೆಯ ಹೊರಗೆ ನಡೆದದ್ದು. ರಕ್ತದೊತ್ತಡಕ್ಕೆ ನೋವಿಲ್ಲ, ಲಕ್ಷಣವಿಲ್ಲ. ನೋವಿಲ್ಲದವನು ವೈದ್ಯರ ಬಳಿ ಬರುವುದಿಲ್ಲ. ಅಪನಂಬಿಕೆಗೂ ಗಟ್ಟಿ ಕಾರಣವಿತ್ತು. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಪೀಡಿತ ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ, ನಿಜ ಹೇಳದೆ, ಸರ್ಕಾರಿ ವೈದ್ಯರೇ ರೋಗದ ಗತಿಯನ್ನು ನೋಡುತ್ತ ಕೂತಿದ್ದರು. ಆದ್ದರಿಂದ ಸಾಂಡರ್ಸ್ ಮತ್ತು ಸಂಗಡಿಗರು ಬಿ.ಪಿ. ಯಂತ್ರವನ್ನು ಚರ್ಚುಗಳಿಗೂ ಕ್ಷೌರದಂಗಡಿಗಳಿಗೂ ಒಯ್ದು, ಅಲ್ಲಿನವರಿಗೇ ಒತ್ತಡ ಅಳೆಯಲು ಕಲಿಸಿದರು. ನಂಬಿಕೆ ಇರುವ ಕಡೆಗೆ ವೈದ್ಯವೇ ನಡೆದು ಹೋಗಬೇಕೆಂಬುದು ಇಲ್ಲಿನ ನಿಲುವು. ಈ ಹಾದಿಗೆ ಬಲವಾದ ಪುರಾವೆ ಬಂದದ್ದು ಸಾಂಡರ್ಸ್ ತೀರಿಕೊಂಡ ಮೇಲೆ. 2018ರಲ್ಲಿ ರೊನಾಲ್ಡ್ ವಿಕ್ಟರ್ ತಂಡ ಲಾಸ್ ಏಂಜಲಿಸ್‌ನ 52 ಕ್ಷೌರದಂಗಡಿಗಳ 319 ಕಪ್ಪು ಗಿರಾಕಿಗಳ ಮೇಲಿನ ಪ್ರಯೋಗವನ್ನು ಪ್ರಕಟಿಸಿತು. ಔಷಧತಜ್ಞರು ಅಂಗಡಿಗೇ ಬಂದು ಮದ್ದು ಕೊಟ್ಟ ಗುಂಪಿನಲ್ಲಿ ಮೇಲಿನ ಒತ್ತಡ ಆರು ತಿಂಗಳಲ್ಲಿ ಸರಾಸರಿ 27 ಅಂಕ ಇಳಿದಿತ್ತು. ಕ್ಷೌರಿಕರ ಸಲಹೆ ಮಾತ್ರ ಸಿಕ್ಕ ಗುಂಪಿನಲ್ಲಿ ಸುಮಾರು 9. ಗಮನಿಸಬೇಕಾದ ಅಂಶವೆಂದರೆ, ಮದ್ದುಗಳು ಯಾವ ವರ್ಣಕ್ಕೂ ಮೀಸಲಾದವಲ್ಲ, ಎಲ್ಲರಿಗೂ ಕೊಡುವಂಥವೇ. ಬೇರೆಯಾಗಿದ್ದದ್ದು ಅವು ಕೈಸೇರಿದ ದಾರಿ.

ಮದ್ದೇ ಬೇರೆಯಾಗಬೇಕೆಂಬ ವಾದ ಇದಕ್ಕಿಂತ ಜಾರುನೆಲ. ರಕ್ತದೊತ್ತಡದ ಮದ್ದುಗಳನ್ನು ಹೋಲಿಸಿ 2002ರಲ್ಲಿ ಹೊರಬಂದ ಆಲ್‌ಹ್ಯಾಟ್ ಅಧ್ಯಯನದಲ್ಲಿ 33,000ಕ್ಕೂ ಹೆಚ್ಚು ರೋಗಿಗಳಿದ್ದರು, ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕಪ್ಪು ವರ್ಣೀಯರು. ಈ ಕಪ್ಪು ವರ್ಣೀಯರಲ್ಲಿ ಲಿಸಿನೊಪ್ರಿಲ್ ಎಂಬ ಮದ್ದು ಪಡೆದವರಿಗೆ ಮೂತ್ರವರ್ಧಕ ಪಡೆದವರಿಗಿಂತ ಪಾರ್ಶ್ವವಾಯು ಶೇ. 40ರಷ್ಟು ಹೆಚ್ಚಾಗಿ ಕಂಡಿತು. ಅದೇ ವರ್ಷದ ಆಸ್ಕ್ ಅಧ್ಯಯನದಲ್ಲಿ, ರಕ್ತದೊತ್ತಡದಿಂದ ಮೂತ್ರಪಿಂಡ ಕೆಟ್ಟ ಆಫ್ರಿಕನ್ ಅಮೆರಿಕನ್ನರಿಗೆ ಲಿಸಿನೊಪ್ರಿಲ್‌ನ ವರ್ಗಕ್ಕೇ ಸೇರಿದ ರಾಮಿಪ್ರಿಲ್ ಹೆಚ್ಚು ರಕ್ಷಣೆ ನೀಡಿತು. ಬಣ್ಣವೊಂದನ್ನೇ ನೋಡಿ ಈ ವರ್ಗದ ಮದ್ದನ್ನು ದೂರವಿಟ್ಟ ವೈದ್ಯನು, ಅದರಿಂದ ಬದುಕಬಹುದಾಗಿದ್ದ ಮೂತ್ರಪಿಂಡವನ್ನು ಕಳೆದಂತೆ.

2005ರಲ್ಲಿ ಬೈಡಿಲ್ ಬಂತು: ಸ್ವತಃ ಕಪ್ಪು ವರ್ಣೀಯರೆಂದು ಗುರುತಿಸಿಕೊಂಡವರ ಹೃದಯ ವೈಫಲ್ಯಕ್ಕೆಂದು ಅಮೆರಿಕ ಸರ್ಕಾರ ಒಪ್ಪಿದ ಮದ್ದು. 1,050 ರೋಗಿಗಳ ಪ್ರಯೋಗದಲ್ಲಿ ಸಾವು ಶೇ. 43ರಷ್ಟು ತಗ್ಗಿತ್ತು. ಕಪ್ಪು ಹೃದ್ರೋಗ ತಜ್ಞರ ಸಂಘ ಆ ಪ್ರಯೋಗದ ಸಹಪ್ರಾಯೋಜಕ ಸಂಸ್ಥೆಯಾಗಿತ್ತು. ಪ್ರಯೋಗದಲ್ಲಿ ಬೇರೆ ವರ್ಣದವರು ಇರಲೇ ಇಲ್ಲ. ಹೀಗಾಗಿ ಗುಣ ಕಪ್ಪು ವರ್ಣೀಯರಿಗಷ್ಟೇ ಸೀಮಿತವೆಂದು ಅದು ತೋರಿಸಲಾರದು. ಆದರೂ ದಶಕಗಳ ಕಾಲ ಪ್ರಯೋಗಗಳ ಹೊರಗೇ ಉಳಿದಿದ್ದ ಜನರಿಗೆ ಜೀವ ಉಳಿಸುವ ಮದ್ದನ್ನು ತತ್ತ್ವಶುದ್ಧಿಯ ಹೆಸರಿನಲ್ಲಿ ತಡೆಯಬೇಕಿತ್ತೇ ಎಂದು ಸಂಘದ ಪರ ಕೇಳಬಹುದು. ಈ ಕೇಳಿಕೆಯನ್ನು ತಳ್ಳಿಹಾಕುವುದು ಸುಲಭವಲ್ಲ.

ರಕ್ತದೊತ್ತಡ ಕಪ್ಪು ಮೈಯಲ್ಲೇ ಬರೆದಿದೆ ಎಂಬ ನಂಬಿಕೆಯನ್ನು ಅಲುಗಾಡಿಸಿದವರು ಸಂಶೋಧಕ ರಿಚರ್ಡ್ ಕೂಪರ್. 1997ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನದಲ್ಲಿ ಕಪ್ಪು ವರ್ಣೀಯರ ಅಧಿಕ ರಕ್ತದೊತ್ತಡ ಪಶ್ಚಿಮ ಆಫ್ರಿಕದಲ್ಲಿ ಶೇ. 16, ಕೆರಿಬಿಯನ್‌ನಲ್ಲಿ ಶೇ. 26, ಅಮೆರಿಕದಲ್ಲಿ ಶೇ. 33 ಇತ್ತು. ಹಿರೀಕರು ಒಂದೇ ನೆಲದವರು, ಬದುಕುಗಳು ಬೇರೆ. ಗುಲಾಮರ ಹಡಗಿನಲ್ಲಿ ಉಪ್ಪನ್ನು ಹಿಡಿದಿಟ್ಟುಕೊಂಡ ಮೈಗಳೇ ಬದುಕುಳಿದವು ಎಂಬ ಜನಪ್ರಿಯ ಊಹೆಗೆ ಇತಿಹಾಸದ ಆಧಾರವಿಲ್ಲವೆಂದು ಇತಿಹಾಸಕಾರ ಫಿಲಿಪ್ ಕರ್ಟಿನ್ 1992ರಲ್ಲೇ ವಾದಿಸಿದ್ದರು. ಮೈಗೆ ಅಂಟಿದ ವ್ಯತ್ಯಾಸ ಎಂದುಬಿಟ್ಟರೆ ಉಪ್ಪು, ಬಡತನ, ಅವಮಾನ, ವಿಮೆಯಿಲ್ಲದ ಬದುಕು ಇವನ್ನೆಲ್ಲ ವಿಚಾರಣೆಯಿಂದ ಬಿಟ್ಟುಕೊಟ್ಟಂತಾಗುತ್ತದೆ.

ವರ್ಣವೆಂಬ ವರ್ಗೀಕರಣಕ್ಕೆ ಹೀಗೆ ಎರಡು ಉಪಯೋಗಗಳಿವೆ, ಎರಡೂ ಒಂದೇ ಅಲ್ಲ. ಯಾರಿಗೆ ಚಿಕಿತ್ಸೆ ತಲುಪಿಲ್ಲ ಎಂದು ಎಣಿಸಲು, ಅವರನ್ನು ಹುಡುಕಿಕೊಂಡು ಹೋಗಲು ಅದು ಬೇಕು. ಎದುರು ಕೂತ ರೋಗಿಯ ದೇಹದ ಬಗ್ಗೆ ತೀರ್ಪು ಕೊಡಲು ಅದು ಸಾಲದು. ಸಾಂಡರ್ಸ್ ಕೆಲಸದಲ್ಲಿ ಗಟ್ಟಿಯಾಗಿ ನಿಂತಿರುವ ಭಾಗ ಮೊದಲನೆಯದು. ಎರಡನೆಯ ಉಪಯೋಗ ಹಿಂದೆ ಸರಿಯುತ್ತಿದೆ: 2021ರಲ್ಲಿ ಮೂತ್ರಪಿಂಡದ ಸಾಮರ್ಥ್ಯ ಅಂದಾಜಿಸುವ ಸೂತ್ರದಿಂದ ವರ್ಣದ ಗುಣಕವನ್ನು ಕೈಬಿಡಲಾಯಿತು. 2023ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೊರತಂದ ಹೃದ್ರೋಗ ಅಪಾಯದ ಸಮೀಕರಣದಲ್ಲಿ ವರ್ಣ ಇಲ್ಲ. ಇದರಿಂದ ಕಪ್ಪು ವರ್ಣೀಯರಿಗೂ ಬಿಳಿಯರಿಗೂ ನಡುವಿನ ಅಂತರ ತಗ್ಗಿತೇ ಎಂದು ತಿಳಿಯಬೇಕಾದರೆ ಮಾತ್ರ, ದಾಖಲೆಯಲ್ಲಿ ವರ್ಣದ ಅಂಕಣ ಉಳಿದಿರಲೇಬೇಕು.