ಗೆಲವಿನ ರಾಶಿಯಲ್ಲಿ ಯಾರ ಪಾಲು ಎಷ್ಟು?

ಝಳಕಿಯ ಸುತ್ತಲಿನ ಹಳ್ಳಿಗಳಲ್ಲಿ ಜಾತ್ರೆಯ ಕುಸ್ತಿಯನ್ನು ನೋಡದವರು ವಿರಳ. ಪೈಲವಾನನು ಗೆದ್ದ ಕೂಡಲೇ ಜನರು ಅವನನ್ನು ಹೆಗಲ ಮೇಲೆ ಎತ್ತಿಕೊಂಡು, ಹಲಗೆ ಬಾರಿಸುತ್ತಾ ಮೆರೆಸುವರು. ಅವನಿಗೆ ಪಟ್ಟುಗಳನ್ನು ಕಲಿಸಿದ ವಸ್ತಾದನಿಗೂ ಕೆಲವರು ಕೈಮುಗಿಯುವರು. ಆದರೆ ನಸುಕಿನಲ್ಲಿ ಎದ್ದು ತಾಲೀಮಿನ ಮಣ್ಣನ್ನು ಅಗೆದು ಹದಮಾಡಿದವನನ್ನೂ, ಮೈತಿಕ್ಕಿದವನನ್ನೂ, ಮಾರಿದರೆ ನಾಲ್ಕು ಕಾಸು ಬರುತ್ತಿದ್ದ ಹಾಲನ್ನು ಮಗನಿಗೆಂದು ಉಳಿಸಿದ ತಾಯಿಯನ್ನೂ ಯಾರು ನೆನಸುವರು? ಅನೇಕರು ದುಡಿದು ಒಬ್ಬನ ಹೆಸರಿನಲ್ಲಿ ಗೆಲವು ಬಂದಾಗ, ಮುಂದೆ ನಿಂತವನು ಅದರಲ್ಲಿ ಎಷ್ಟನ್ನು ತನ್ನದೆಂದು ಹೇಳಬಹುದು? ಇದು ಆಟದ ಪ್ರಶ್ನೆ ಮಾತ್ರವಲ್ಲ. ಮನೆಯಲ್ಲಿಯೂ ಊರಿನಲ್ಲಿಯೂ ಯಜಮಾನಿಕೆ ಮಾಡುವ ಎಲ್ಲರ ಪ್ರಶ್ನೆಯಾಗಿದೆ.

ಇದಕ್ಕೆ ನಮ್ಮ ನಾಡಿನ ಒಬ್ಬರ ನಡತೆಯಿಂದ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಬೆಂಗಳೂರಿನಲ್ಲಿ ಬೆಳೆದ ಕ್ರಿಕೆಟ್ ಆಟಗಾರರಾದ ರಾಹುಲ್ ದ್ರಾವಿಡರು ತಮ್ಮ ಆಟವನ್ನು ಮುಗಿಸಿದ ಮೇಲೆ, 2015ರಿಂದ ಹತ್ತೊಂಬತ್ತು ವರುಷದೊಳಗಿನ ಹುಡುಗರಿಗೆ ತರಬೇತಿ ಕೊಡುವ ಕೆಲಸವನ್ನು ವಹಿಸಿಕೊಂಡರು. 2018ನೆಯ ಫೆಬ್ರವರಿ 3ರಂದು ಆ ಹುಡುಗರು ನ್ಯೂಜಿಲೆಂಡಿನಲ್ಲಿ ಆಸ್ಟ್ರೇಲಿಯದವರನ್ನು ಸೋಲಿಸಿ ವಿಶ್ವಕಪ್ಪನ್ನು ಗೆದ್ದರು. ಆಗ ಕ್ರಿಕೆಟ್ ಮಂಡಳಿಯವರು ಬಹುಮಾನವನ್ನು ಸಾರಿದರು. ಹೇಗಂದರೆ, ಮುಖ್ಯ ತರಬೇತುದಾರರಿಗೆ 50 ಲಕ್ಷ ರೂಪಾಯಿ, ಆಟಗಾರರಿಗೆ ತಲಾ 30 ಲಕ್ಷ, ಚೆಂಡೆಸೆತವನ್ನೂ ಅಂಗಸಾಧನೆಯನ್ನೂ ಕಲಿಸಿದವರೇ ಮೊದಲಾದ ಸಹಾಯಕರಿಗೆ ತಲಾ 20 ಲಕ್ಷ.

ಈ ಭೇದವು ದ್ರಾವಿಡರಿಗೆ ಸರಿಕಾಣಲಿಲ್ಲ. ದುಡಿದವರೆಲ್ಲರಿಗೂ ಸಮನಾಗಿ ಸಲ್ಲಬೇಕೆಂದು ಅವರು ಮಂಡಳಿಯವರನ್ನು ಕೇಳಿಕೊಂಡರು. ಕಡೆಗೆ ಅವರಿಗೂ ಸಹಾಯಕರಿಗೂ ತಲಾ 25 ಲಕ್ಷವೆಂದು ಗೊತ್ತಾಯಿತು. ವಿಶ್ವಕಪ್ಪಿಗೆ ಹೋಗದಿದ್ದರೂ ಅದರ ಮುಂಚಿನ ವರುಷದಲ್ಲಿ ಹುಡುಗರನ್ನು ಸಿದ್ಧಪಡಿಸಲು ದುಡಿದಿದ್ದವರನ್ನೂ ಲೆಕ್ಕಕ್ಕೆ ಸೇರಿಸಿದರು. ಅಂತೂ ಗುರುವಿನ ಪಾಲು ಅರ್ಧಕ್ಕೆ ಇಳಿದು, ಅವರು ಕಲಿಸಿದ ಹುಡುಗರ ಪಾಲಿಗಿಂತಲೂ ಕಡಿಮೆಯಾಯಿತು. ಒಂದು ಸಾರಿ ಮಾಡಿದ್ದು ಆ ಹೊತ್ತಿನ ಉತ್ಸಾಹವಾಗಿರಬಹುದೆಂದು ಯಾರಾದರೂ ಅಂದಾರು. ಆದರೆ 2024ರಲ್ಲಿ ಹಿರಿಯರ ತಂಡವು ಅವರ ಕೈಕೆಳಗೆ ವಿಶ್ವಕಪ್ಪನ್ನು ಗೆದ್ದಾಗಲೂ, ತಮಗೆ ಗೊತ್ತುಮಾಡಿದ್ದ 5 ಕೋಟಿಯನ್ನು ಬಿಟ್ಟು, ಜೊತೆಯ ತರಬೇತುದಾರರಂತೆ ಎರಡೂವರೆ ಕೋಟಿಯೇ ಸಾಕೆಂದರೆಂದು ವರ್ತಮಾನ ಪತ್ರಗಳು ತಿಳಿಸಿದವು.

ಇಲ್ಲಿ ಒಂದು ಆಕ್ಷೇಪವುಂಟು. ಹೊಣೆ ಹೆಚ್ಚಾಗಿ ಹೊತ್ತವನಿಗೆ ಹೆಚ್ಚು ಸಲ್ಲುವದು ನ್ಯಾಯವಲ್ಲವೇ? ತಂಡವು ಸೋತಿದ್ದರೆ ಜನರು ಬಯ್ಯುತ್ತಿದ್ದದ್ದು ಮುಖ್ಯ ತರಬೇತುದಾರರನ್ನೇ ಹೊರತು ಮೈತಿಕ್ಕಿದವನನ್ನಲ್ಲ. ಈ ಮಾತನ್ನು ನಾವು ತಳ್ಳಿಬಿಡಲಾರೆವು. ಆದರೆ ಕೂಲಿ ಬೇರೆ, ಗೆಲವಿನ ಬಹುಮಾನ ಬೇರೆ. ಕೂಲಿಯು ಕೆಲಸಕ್ಕೆ ಮೊದಲು ಮಾತಾಡಿ ಗೊತ್ತುಮಾಡಿದ್ದು. ಹೊಣೆಯ ಭಾರವನ್ನು ನೋಡಿ ಅದರಲ್ಲಿ ಹೆಚ್ಚುಕಡಿಮೆ ಇರಬಹುದು. ಬಹುಮಾನವೋ ಕೂಡಿ ಬೆಳೆದ ಬೆಳೆಯ ರಾಶಿ. ಅದರಲ್ಲಿ ಯಾವ ಕಾಳು ಯಾರ ಬೆವರಿನದೆಂದು ಆರಿಸಿ ತೆಗೆಯುವದು ಹೇಗೆ?

ನಮ್ಮ ಸೀಮೆಯಲ್ಲಿ ಹಿಂದೆ ಜೋಳದ ರಾಶಿಯಾದಾಗ ಬಡಿಗನೂ ಕಮ್ಮಾರನೂ ಕಣಕ್ಕೆ ಬಂದು ತಮ್ಮ ಆಯವನ್ನು ಒಯ್ಯುತ್ತಿದ್ದರು. ಕೂರಿಗೆಯನ್ನು ಮಾಡಿದವನ ದುಡಿಮೆಯೂ ಕುಳವನ್ನು ಬಡಿದವನ ದುಡಿಮೆಯೂ ಆ ರಾಶಿಯೊಳಗೆ ಇದೆಯೆಂದು ಒಕ್ಕಲಿಗನು ಬಲ್ಲನು. ಆದರೆ ಅದೇ ಕಣದ ಅಂಚಿನಲ್ಲಿ ದೂರ ನಿಂತು, ದುಡಿದದ್ದಕ್ಕೆ ಬರತಕ್ಕದ್ದನ್ನು ಬೇಡಿದಂತೆ ಕೈಯೊಡ್ಡಿ ತೆಗೆದುಕೊಂಡವರೂ ಇದ್ದರು. ನಮ್ಮ ಹಿರಿಯರಲ್ಲಿ ಕೆಲವರಿಗೆ ಆ ಅಂಚಿನ ನೆಲವು ಚೆನ್ನಾಗಿ ಗೊತ್ತಿತ್ತು. ಆದದರಿಂದ ಪಾಲೆಂದು ಕೊಡುವದಕ್ಕೂ ದಯೆಯೆಂದು ಕೊಡುವದಕ್ಕೂ ಇರುವ ಭೇದವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಮೇಲಿನ ದೃಷ್ಟಾಂತದ ತಿರುಳು ಇದೇ. ದ್ರಾವಿಡರು 50 ಲಕ್ಷವನ್ನು ತೆಗೆದುಕೊಂಡು ಅದರಲ್ಲಿ ಕೆಲವನ್ನು ಸಹಾಯಕರಿಗೆ ಹಂಚಿದ್ದರೆ ಜನರು ಅವರನ್ನು ಉದಾರಿಯೆಂದು ಹೊಗಳುತ್ತಿದ್ದರು. ಸಹಾಯಕರು ಉಪಕಾರದ ಭಾರದಿಂದ ತಲೆತಗ್ಗಿಸುತ್ತಿದ್ದರು. ಅವರು ಹಾಗೆ ಮಾಡದೆ, ಲೆಕ್ಕವನ್ನೇ ತಿದ್ದಬೇಕೆಂದು ಕೇಳಿದರು. ಹೀಗೆ ಸಹಾಯಕರಿಗೆ ಹಣದೊಂದಿಗೆ ಮಾನವೂ ಸಿಕ್ಕಿತು. ತನ್ನ ಕೈಯಿಂದ ಕೊಟ್ಟು ದೊಡ್ಡವನಾಗುವದು ಸುಲಭ. ಕೊಡುವವನೆಂಬ ಹೆಸರನ್ನೂ ಬಿಟ್ಟುಕೊಡುವದು ಕಠಿಣ.

ಆದರೂ ಒಂದು ಎಚ್ಚರವು ಬೇಕು. ಉಳ್ಳವನು ಅರ್ಧವನ್ನು ಬಿಟ್ಟರೆ ಅವನ ಒಲೆ ಆರುವದಿಲ್ಲ. ಇಲ್ಲದವನಿಗೆ ಈ ಮಾತನ್ನು ತೋರಿಸಿ, ನೀನೂ ನಿನ್ನ ಪಾಲನ್ನು ಬಿಡು ಎಂದು ಯಾರೂ ಹೇಳಬಾರದು. ಈ ಬೋಧನೆಯು ಮೇಲಿನವನು ತನಗೆ ತಾನೇ ಹೇಳಿಕೊಳ್ಳತಕ್ಕದ್ದು.

ಹಾಗಾದರೆ ನಮ್ಮೊಳಗೆ ಇದು ಯಾರಿಗೆ ತಗಲುತ್ತದೆ? ಕಬ್ಬು ಕಡಿಯುವ ಗ್ಯಾಂಗನ್ನು ಕರಕೊಂಡು ಹೋಗುವ ಮುಕಾದಮನಿಗೆ, ಮಹಿಳಾ ಸಂಘದ ಅಧ್ಯಕ್ಷಳಿಗೆ, ಸಾಲೆಯ ಹುಡುಗರಿಗೆ ಕಬಡ್ಡಿ ಕಲಿಸುವ ಮಾಸ್ತರರಿಗೆ, ನಾಲ್ಕು ಮಂದಿ ದುಡಿಯುವ ಮನೆಯಲ್ಲಿ ಹಣವನ್ನು ಕೈಯಲ್ಲಿ ಹಿಡಿದ ತಂದೆಗೆ ತಗಲುತ್ತದೆ. ಪತ್ರಿಕೆಗೆ ಬರೆಯುವ ನಾವೂ ಹೊರತಲ್ಲ. ಅಚ್ಚಿನ ಮೊಳೆ ಜೋಡಿಸಿದವರ ಹೆಸರು ಯಾವ ಪುಟದಲ್ಲಿಯೂ ಬರುತ್ತಿರಲಿಲ್ಲ. ಸೋತ ದಿನ ಮುಂದೆ ನಿಂತು ಬೈಗಳನ್ನು ತಿನ್ನುವದೂ, ಗೆದ್ದ ದಿನ ಒಂದು ಹೆಜ್ಜೆ ಹಿಂದೆ ಸರಿಯುವದೂ ನಾಯಕನ ಕೆಲಸವು.

ಮುಂದಿನ ಜಾತ್ರೆಯಲ್ಲಿ ಪೈಲವಾನನನ್ನು ಎತ್ತಿ ಮೆರೆಸುವಾಗ, ವಾಚಕರೇ, ಒಂದು ಗಳಿಗೆ ಅಖಾಡದ ಅಂಚಿನ ಕಡೆಗೂ ನೋಡಿರಿ. ಮಣ್ಣು ಹದಮಾಡಿದವನು ಅಲ್ಲಿಯೇ ನಿಂತಿರುವನು. ಅವನ ಹೆಸರೇನೆಂದು ಕೇಳಿ ತಿಳುಕೊಳ್ಳಿರಿ.