ಒಳಗಿನ ನ್ಯಾಯಸ್ಥಾನ

ಪರರ ದೋಷವನ್ನು ಕ್ಷಮಿಸಬಲ್ಲ ಸಜ್ಜನರಲ್ಲಿ ಎಷ್ಟೋ ಮಂದಿ ತಮ್ಮ ದೋಷವನ್ನು ಕ್ಷಮಿಸಲಾರರು. ಹಗಲೆಲ್ಲ ನಗುಮುಖದಿಂದಿದ್ದವನು ರಾತ್ರಿ ಹಾಸಿಗೆಯಲ್ಲಿ, ಎಂದೋ ಆಡಿದ ಕಟುನುಡಿಯನ್ನು, ತಾಯಿಗೆ ಮಾಡದೆ ಉಳಿದ ಶುಶ್ರೂಷೆಯನ್ನು ನೆನೆದು ತನ್ನನ್ನು ತಾನೇ ಕಟಕಟೆಯಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ವಾದಿಯೂ ಅವನೇ, ಪ್ರತಿವಾದಿಯೂ ಅವನೇ, ತೀರ್ಪು ಹೇಳುವವನೂ ಅವನೇ. ಇಂಥ ನ್ಯಾಯಸ್ಥಾನದಲ್ಲಿ ಬಿಡುಗಡೆಯೆಂತು?

ಯೋಹಾನನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿ, ವ್ಯಭಿಚಾರದ ಅಪರಾಧ ಹೊತ್ತ ಸ್ತ್ರೀಯೊಬ್ಬಳನ್ನು ಯೇಸುವಿನ ಮುಂದೆ ಎಳೆತರುವ ಪ್ರಸಂಗವುಂಟು. ಕಲ್ಲೆಸೆದು ಕೊಲ್ಲಬೇಕೇ ಎಂದು ಶಾಸ್ತ್ರಿಗಳು ಕೇಳುತ್ತಾರೆ. ಆತನು ಬಾಗಿ ನೆಲದ ಮೇಲೆ ಬೆರಳಿನಿಂದ ಬರೆಯುತ್ತಾನೆ. ಏನು ಬರೆದನೆಂಬುದನ್ನು ಗ್ರಂಥವು ಹೇಳುವುದಿಲ್ಲ. ನಿಷ್ಪಾಪಿಗೇ ಮೊದಲ ಕಲ್ಲಿನ ಅಧಿಕಾರವೆಂದಾಗ, ಹಿರಿಯರು ಮೊದಲಾಗಿ ಒಬ್ಬೊಬ್ಬರೇ ಹೊರಟುಹೋಗುತ್ತಾರೆ. ಇದನ್ನು ಹೊರಗಿನ ಕಥೆಯಾಗಿ ಓದುವುದು ಒಂದು ರೀತಿ. ಅನುಭಾವಿಯ ಓದಿನಲ್ಲಿ ಆ ಸ್ತ್ರೀಯೂ, ಕಲ್ಲು ಹಿಡಿದ ಗುಂಪೂ, ಬಾಗಿ ಬರೆಯುವ ಮೌನಿಯೂ ಒಂದೇ ಹೃದಯದಲ್ಲಿದ್ದಾರೆ. ಗುಂಪಿನೊಡನೆ ವಾದಿಸಿ ಗೆದ್ದವರಿಲ್ಲ. ಮೌನಿಯ ಎದುರಿನಲ್ಲಿ ಅದು ತಾನಾಗಿ ಕರಗುತ್ತದೆ.

ಶಬ್ದಾರ್ಥವೂ ಈ ಓದಿಗೆ ಒತ್ತಾಸೆಯಾಗಿದೆ. ಹೀಬ್ರೂ ಭಾಷೆಯಲ್ಲಿ ಸೈತಾನನೆಂದರೆ ಎದುರಾಳಿ, ದೂರು ಹೇಳುವವನು. ಪವಿತ್ರಾತ್ಮನಿಗೆ ಯೋಹಾನನು ಬಳಸಿದ ಗ್ರೀಕ್ ಪದಕ್ಕಾದರೋ, ಪಕ್ಕದಲ್ಲಿ ನಿಲ್ಲಲು ಕರೆಯಲ್ಪಟ್ಟವನು, ವಕೀಲನು ಎಂದರ್ಥ. ಒಳಗಿನ ದೂರಿನ ದನಿಯೆಲ್ಲವೂ ದೇವರ ದನಿಯೆಂಬುದು ದೊಡ್ಡ ಭ್ರಾಂತಿ.

ಹಾಗಾದರೆ ಪಾಪಕ್ಕೆ ಅಂಜಬೇಡವೆ? ಈ ಶಂಕೆ ಅಲ್ಪವಾದುದಲ್ಲ. ಆ ಸ್ತ್ರೀಗೂ ಮತ್ತೆ ಆ ದಾರಿ ತುಳಿಯಕೂಡದೆಂಬ ಆಜ್ಞೆಯಾಯಿತಷ್ಟೆ. ಆದರೆ ಅನುತಾಪವೇ ಬೇರೆ, ಆತ್ಮನಿಂದೆಯೇ ಬೇರೆ. ಯೂದನೂ ಪೇತ್ರನೂ ಒಂದೇ ರಾತ್ರಿಯಲ್ಲಿ ಗುರುವಿಗೆ ತಪ್ಪಿ ನಡೆದರು. ಯೂದನು ತನ್ನ ತೀರ್ಪನ್ನು ತಾನೇ ಬರೆದುಕೊಂಡು ಉರುಲು ಹಾಕಿಕೊಂಡನು. ಪೇತ್ರನು ಬಿಕ್ಕಿ ಅತ್ತನು, ಆದರೆ ಉಳಿದನು. ಮೂರು ಸಲ ಗುರುವನ್ನು ಅರಿಯೆನೆಂದಿದ್ದವನನ್ನು ಮುಂದೆ ಸರೋವರದ ದಡದಲ್ಲಿ ಮೂರು ಸಲ ಕೇಳಿದ್ದು ತಪ್ಪಿನ ಲೆಕ್ಕವನ್ನಲ್ಲ, ಪ್ರೀತಿಯನ್ನು. ಕೊಟ್ಟದ್ದು ಮಂದೆ ಕಾಯುವ ಕೆಲಸವನ್ನು.

ಈ ಮಾತು ನಮ್ಮ ದೇಶಕ್ಕೆ ಹೊಸದಲ್ಲ. ಬ್ರಹ್ಮಾನಂದವನ್ನರಿತವನನ್ನು ಒಳಿತನ್ನು ಬಿಟ್ಟ ಕೊರಗೂ ಕೆಡುಕನ್ನು ಮಾಡಿದ ಕೊರಗೂ ಸುಡಲಾರವೆಂಬುದು ತೈತ್ತಿರೀಯೋಪನಿಷತ್ತಿನ ಅಭಿಪ್ರಾಯ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲಿ 1979ರಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿದ ಕ್ರೈಸ್ತ ಗುರು ಡಿ. ಎಸ್. ಅಮಲೋರ್ಪವದಾಸರು ಭಾರತೀಯ ಶಾಸ್ತ್ರಗಳನ್ನೂ ಬೈಬಲನ್ನೂ ಜೊತೆಜೊತೆಯಾಗಿ ಧ್ಯಾನಕ್ಕೆ ತಂದವರು.

ಇನ್ನೂ ಹತ್ತಿರದ ದೃಷ್ಟಾಂತವು ಬಿಳಿಗೆರೆಯವರು ಜಾತ್ರೆಗೆ ಹೋಗುವ ನಂಜನಗೂಡಿನಲ್ಲಿಯೇ ಇದೆ. ಅಲ್ಲಿನ ಸ್ಥಳಪುರಾಣದಂತೆ, ಮಾತೃಹತ್ಯೆಯ ಭಾರಹೊತ್ತ ಪರಶುರಾಮನು ಕಪಿಲಾ ತೀರಕ್ಕೆ ಬಂದು ನೆಲವನ್ನು ಸವರುತ್ತಿರುವಾಗ ಕೊಡಲಿಯ ಪೆಟ್ಟು ಲಿಂಗಕ್ಕೆ ಬಿದ್ದು ರಕ್ತ ಚಿಮ್ಮಿತು. ಒಂದು ಪಾಪವನ್ನು ತೊಳೆಯಬಂದವನಿಗೆ ಎರಡನೆಯದು! ಕಂಗೆಟ್ಟು ನಿಂತವನನ್ನು ಶಿವನು ಶಪಿಸಲಿಲ್ಲ. ಗಾಯಕ್ಕೆ ಒದ್ದೆ ಮಣ್ಣು ಮೆತ್ತೆಂದನು. ಕೊಡಲಿ ಹಿಡಿದಿದ್ದ ಕೈಯೇ ಮಣ್ಣು ಮೆತ್ತಿತು. ನಂಜನಗೂಡಿನ ಮೃತ್ತಿಕೆಗೆ ಆ ಕಥೆಯಿಂದಲೇ ಮಹಿಮೆ.