ಕೋಶದ ದುರಸ್ತಿಯೂ ವ್ರತದ ಶುದ್ಧಿಯೂ



ಚತುರ್ದಶಿಯ ಉಪವಾಸ ಮುಗಿಸಿ ಪಾರಣೆಗೆ ಕುಳಿತಿದ್ದ ವೃದ್ಧ ಶ್ರಾವಕರೊಬ್ಬರು ನನ್ನನ್ನು ಕೇಳಿದರು: “ಮೇಷ್ಟ್ರೇ, ಹಸಿದಿದ್ದರೆ ಮುಪ್ಪು ತಡವಾಗುವುದೆಂದು ವಿಜ್ಞಾನಿಗಳು ಹೇಳುತ್ತಾರಂತೆ. ಹಾಗಾದರೆ ಇನ್ನಷ್ಟು ಉಪವಾಸ ಮಾಡಲೇ?” ಅವರು ಮಧುಮೇಹಕ್ಕೆ ಔಷಧ ಸೇವಿಸುವವರು. ಉತ್ತರಿಸುವ ಮುನ್ನ ನಾನು ಯೋಚಿಸಬೇಕಾಯಿತು.

ನಮ್ಮ ಜೀವಕೋಶದೊಳಗಿನ ಡಿಎನ್‌ಎಗೆ ದಿನವೊಂದರಲ್ಲಿಯೇ ಸಾವಿರಾರು ಹಾನಿಗಳು ತಗಲುತ್ತವೆ. ಅವನ್ನು ಸರಿಪಡಿಸುವ ಕಿಣ್ವಗಳೂ ಅಲ್ಲಿಯೇ ಇವೆ. ಈ ದುರಸ್ತಿಯ ಕ್ರಮವನ್ನು ಶೋಧಿಸಿದ ಲಿಂಡಾಲ್, ಮೋಡ್ರಿಚ್, ಸಂಜಾರ್ ಎಂಬ ಮೂವರಿಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಡಿಎನ್‌ಎಯನ್ನು ಗ್ರಂಥವೆಂದು ಭಾವಿಸಿದರೆ, ಯಾವ ಪುಟವನ್ನು ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂದು ಸೂಚಿಸುವ ರಾಸಾಯನಿಕ ಗುರುತುಗಳೂ ಅದರ ಮೇಲಿವೆ. ವಯಸ್ಸು ಸಂದಂತೆ ಇವು ಕ್ರಮ ತಪ್ಪುತ್ತವೆ. ದುರಸ್ತಿ ಹಾನಿಗೆ ಸರಿಗಟ್ಟದಾದಾಗ ಮುಪ್ಪು ಬೇರೂರುತ್ತದೆ.

ಅಮೆರಿಕದಲ್ಲಿ ಆರೋಗ್ಯವಂತರಾದ 220 ಮಂದಿಯನ್ನು ಆಯ್ದು, ಅವರಲ್ಲಿ ಒಂದು ಪಂಗಡಕ್ಕೆ ಎರಡು ವರ್ಷ ಆಹಾರದ ಶಕ್ತಿಯನ್ನು ಶೇಕಡಾ 25ರಷ್ಟು ಇಳಿಸಲು ಹೇಳಲಾಯಿತು; ಸಾಧ್ಯವಾದುದು ಸುಮಾರು ಶೇಕಡಾ 12. ಆ ಪಂಗಡದವರ ರಕ್ತದಲ್ಲಿನ ಗುರುತುಗಳನ್ನು ಅಳೆದಾಗ ಮುಪ್ಪಿನ ವೇಗ ಶೇಕಡಾ 2ರಿಂದ 3ರಷ್ಟು ತಗ್ಗಿತ್ತೆಂದು 2023ರಲ್ಲಿ ಪ್ರಕಟವಾಯಿತು. ಬೇರೆ ಅಳತೆಗಳಲ್ಲಿ ಬದಲಾವಣೆ ಕಾಣಲಿಲ್ಲ. ಗಮನಿಸಿರಿ: ಇದು ಅನಶನವಲ್ಲ, ನಮ್ಮ ಅವಮೌದರ್ಯವನ್ನು ಹೋಲುವ ಮಿತಾಹಾರ. ಫಲವೂ ಮಿತವೇ.

ದೇಹ ಧರ್ಮಸಾಧನ, ಅದರ ರಕ್ಷಣೆ ದೋಷವಲ್ಲ. ಆದರೆ ಆಯುಷ್ಯದ ಆಸೆಯಿಂದ ವ್ರತ ಹಿಡಿದರೆ ಅದು ನಿದಾನಶಲ್ಯವಾಗುತ್ತದೆ. ಶಲ್ಯರಹಿತನಾದವನೇ ವ್ರತಿಯೆಂಬುದು ತತ್ತ್ವಾರ್ಥಸೂತ್ರದ ನಿರ್ಣಯ. ಮುಳ್ಳು ಉಳಿದ ಕಾಲಿನಲ್ಲಿ ಎಷ್ಟು ನಡೆದರೇನು? ಉಪವಾಸದ ಗುರಿ ಕರ್ಮನಿರ್ಜರೆ. ಕೋಶಕ್ಕೆ ಒದಗುವ ಉಪಕಾರ ಬೆಳೆಯೊಡನೆ ಬರುವ ಹುಲ್ಲಿನಂತೆ. ಹುಲ್ಲಿಗಾಗಿ ಯಾರೂ ಭತ್ತ ಬಿತ್ತುವುದಿಲ್ಲ.

ಆ ಹಿರಿಯರಿಗೆ ನಾನು ಹೇಳಿದೆ: “ಷೋಡಶಭಾವನೆಗಳಲ್ಲಿ ‘ಶಕ್ತಿತಸ್ತಪ’ ಎಂದಿದೆ, ಸ್ವಾಮೀ. ಶಕ್ತಿ ಮೀರಿದ್ದು ತಪವಲ್ಲ. ವೈದ್ಯರನ್ನು ಕೇಳದೆ ಔಷಧವನ್ನೂ ಅನ್ನವನ್ನೂ ಬಿಡಬೇಡಿರಿ. ರಸತ್ಯಾಗ, ಸ್ವಾಧ್ಯಾಯಗಳೂ ತಪವೇ.” ಅವರು ಸುಮ್ಮನೆ ತಲೆಯಾಡಿಸಿದರು.

ಕೋಶವು ತನ್ನ ಹಾನಿಯನ್ನು ನಾಳೆಗೆ ಮುಂದೂಡದೆ ಅಂದಂದೇ ಸರಿಪಡಿಸಲು ದುಡಿಯುತ್ತದೆ. ನಾವೂ ಅಂದಿನ ದೋಷವನ್ನು ಅಂದೇ ಪ್ರತಿಕ್ರಮಣದಿಂದ ತೊಳೆಯೋಣ. ದೇಹದ ದುರಸ್ತಿಗೆ ಒಂದು ಕೊನೆಯುಂಟು. ಆತ್ಮಶುದ್ಧಿಯ ಕೊನೆಯೋ ಮೋಕ್ಷವೇ.

ಸರ್ವರಿಗೂ ಮಂಗಳವಾಗಲಿ.